ಅಜ್ಜಿ ಯೋಜನೆ

ಓದು ಬಿಟ್ಟು ಓಡುವ ವಿದ್ಯಾರ್ಥಿಗಳನ್ನು ತಡೆಯಲು ಅನುದಾನ ಹಂಚುವ ಸಮಿತಿಯ ಘನ ಅಧ್ಯಕ್ಷೆ, ಔದಾರ್ಯಸಾಗರಿ ಡಾ. ಲಿಂಡ್‌ಕ್ವಿಸ್ಟ್ ಅವರ ದಿವ್ಯಸನ್ನಿಧಿಗೆ,

ನನ್ನ ಯೋಜನೆಗೆ ತಾವು ಹಣ ಮಂಜೂರು ಮಾಡಿದ್ದು ಕೇಳಿ ಕುಸಿದು ಕುಳಿತಿದ್ದೇನೆ. ತರಗತಿಗೆ ಬಾರದವರ ಕೋಣೆಗೆ ಚರ್ಚಿನ ಅಡುಗೆಮನೆಯ ಅಜ್ಜಿಯರು ಮೇಲೆ ಗರಿಗರಿ ಆಲೂಗಡ್ಡೆ ಹೊದಿಸಿ ಬೇಯಿಸಿದ ಬಿಸಿ ಹಾಟ್‌ಡಿಶ್ ಪಾತ್ರೆ ಹಿಡಿದು ಹೋಗಲಿ ಎಂದು ಬರೆದದ್ದು ಶುದ್ಧ ತಮಾಷೆಗೆ. ಸಮಿತಿಯಲ್ಲಿ ಒಬ್ಬರಾದರೂ ನಗಬಾರದಿತ್ತೇ?

ಅಜ್ಜಿಯರು ನಿಜವಾಗಿಯೂ ಬಂದುಬಿಟ್ಟರು. ನಿನ್ನೆ ಆರ್ಡಿಸ್ ಅಜ್ಜಿ ನಮ್ಮ ಹಾಸ್ಟೆಲಿನ ಒಂದು ಬಾಗಿಲು ಬಡಿದರು.

“ಮಲಗಿದೀನಿ,” ಎಂದಿತು ಒಳಗಿನ ದನಿ.

“ಮಲಗಪ್ಪ, ಯಾರು ಬೇಡ ಅಂದ್ರು? ನಾನಿಲ್ಲೇ ಸ್ವೆಟರ್ ಹೆಣೀತಾ ಕೂತಿರ್ತೀನಿ. ಮೇಲಿನ ಆಲೂಗಡ್ಡೆ ಮೆತ್ತಗಾದ್ರೆ ಮಾತ್ರ ನನ್ನ ಬೈಬೇಡ.”

ಬಾಗಿಲು ತೆರೆಯಿತು. ಊರಿಗೆ ಹೊರಡಲು ಕಟ್ಟಿಟ್ಟಿದ್ದ ಸೂಟ್‌ಕೇಸನ್ನು ಅಜ್ಜಿ ನೋಡಿದರು. ಸೀದಾ ಹೋಗಿ ಅದರ ಮೇಲೆಯೇ ಕೂತರು.

“ಮೊದ್ಲು ತಿನ್ನು. ಓಡಿಹೋಗೋದು ಆಮೇಲೆ ಇದ್ದೇ ಇದೆ.”

ಹುಡುಗ ಪಾತ್ರೆಯ ತಳ ಕೆರೆಯುವವರೆಗೂ ಅವರು ಏಳಲಿಲ್ಲ.

ಯೋಜನೆಯನ್ನು ಕೂಡಲೇ ರದ್ದು ಮಾಡಿ ಎಂದು ಬೇಡಲೆಂದೇ ಕಾಗದ ತೆಗೆದುಕೊಂಡಿದ್ದೆ. ಈಗ ಬೇಡಿಕೆ ಬೇರೆ: ಮಂಗಳವಾರವೂ ಆರ್ಡಿಸ್ ಅಜ್ಜಿಯನ್ನೇ ಕಳಿಸಿ.

ಇನ್ನೂ ಬೆರಗಿನಲ್ಲಿರುವ ತಮ್ಮ ಯೋಜನಾ ನಿರ್ದೇಶಕ,
ಕೋಲ್ಬಿ ರಾಸ್ಮುಸನ್

ತಾ.ಕ.: ಆ ಸೂಟ್‌ಕೇಸ್ ನನ್ನದು. ಇಂದು ಬೆಳಿಗ್ಗೆ ರಸಾಯನಶಾಸ್ತ್ರದ ತರಗತಿಗೆ ಹೋಗಿದ್ದೆ.