ಚಕ್ರಕ್ಕೆ ಮಾತ್ರ ಚಿಚಾ

ತಿರಾಕೆ, ಮಂಗಳವಾರ

ಪ್ರಿಯ ದೊನ್ಯಾ ನಿಕಾಸಿಯಾ ಅವರಿಗೆ,

"ಇಳಿಜಾರಿಲ್ಲದ ಊರಿಗೆ ನೀವು ಬರೋದೇ ಇಲ್ಲ ಅಲ್ವಾ, ದೊನ್ ಸೆವೆರೊ?" ಅಂತ ಸಂತೆಯಲ್ಲಿ ಕೆಣಕಿದಿರಿ. ನಿಜವೇ. ನನ್ನ ಹಳೇ ಲಾರಿಯ ಸ್ಟಾರ್ಟರಿನ ಸ್ವಿಚ್ಚು, ಆ ಸೋಲೆನಾಯ್ಡ್, ಎಷ್ಟು ಸಲ ಹೊಸದು ಹಾಕಿದರೂ ಸುಟ್ಟುಹೋಗುತ್ತಿತ್ತು. ಇಳಿಜಾರಲ್ಲಿ ಉರುಳಿಸಿಯೇ ಹೊರಡಿಸಬೇಕಿತ್ತು. ನಿಮ್ಮ ಮನೆಯೋ, ಪುನಾಟಾದ ಬಟ್ಟಬಯಲಲ್ಲಿ; ಅಲ್ಲಿ ನಿಲ್ಲಿಸಿದರೆ ಮತ್ತೆ ಹೊರಡಿಸುವುದು ಹೇಗೆ?

ಕೊನೆಗೆ, ಕಾಲೇಜಿನಲ್ಲಿ ಕಲಿತು ಅರ್ಧ ಮರೆತ ಇಂಗ್ಲಿಷಿನಲ್ಲೇ ಲಾರಿಯ ಕೈಪಿಡಿ ಓದಿದೆ. ಸೋಲೆನಾಯ್ಡ್ ಪದೇ ಪದೇ ಸುಟ್ಟರೆ ಎಂಜಿನ್‌ನ ಅರ್ಥಿಂಗ್ ತಂತಿ ನೋಡು ಎಂದಿತ್ತು. ನೋಡಿದರೆ ತುಕ್ಕು ತಿಂದುಹಾಕಿದೆ! ಪ್ರತಿ ರಿಪೇರಿ ಮುಗಿದಾಗಲೂ ಪೂಜೆಯೆಂದು ಎಂಜಿನ್ ಮೇಲೆ ಧಾರಾಳವಾಗಿ ಮೆಕ್ಕೆಜೋಳದ ಹುಳಿ ಮದ್ಯ, ಚಿಚಾ, ಸುರಿಯುತ್ತಿದ್ದೆನಲ್ಲ, ಅದರದೇ ಪ್ರಸಾದ. ನನ್ನ ಹೆಂಡತಿ ಕಸಿಲ್ಡಾ ಬದುಕಿದ್ದಾಗ ಚಕ್ರಕ್ಕಷ್ಟೇ ಹನಿಸುತ್ತಿದ್ದಳು.

ತಂತಿ ಬದಲಿಸಿದೆ. ಈಗ ಕೀ ತಿರುಗಿಸಿದರೆ ಸಾಕು, ಹೊರಡುತ್ತದೆ. ಭಾನುವಾರ ಬರುತ್ತೇನೆ. ಲಾರಿಯನ್ನು ಅಂಗಳದೊಳಕ್ಕೇ ತರುತ್ತೇನೆ, ಕೋಳಿಗಳನ್ನು ಕೂಡಿಹಾಕಿ. ಪೂಜೆಗೆ ನಿಮ್ಮ ಮನೆಯ ಚಿಚಾ ಒಂದು ಬಟ್ಟಲು ಇರಲಿ. ಚಕ್ರಕ್ಕೆ ನೀವೇ ಹನಿಸಬೇಕು.

ನಿಮ್ಮ ವಿಶ್ವಾಸಿ,
ಸೆವೆರೊ