ಕಿವಿ ಮುಟ್ಟದ ಕೈ

ಹೊಸದುರ್ಗ
ಮೇ ಮೂವತ್ತು, ಮಧ್ಯಾಹ್ನ

ಅಕ್ಕ,

ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತು ಮೂರನೇ ಲೋಟ ಟೀ ಕುಡಿಯುತ್ತಿದ್ದೇನೆ. ರಸ್ತೆಯ ಆಚೆ ಒಂದು ಬ್ಯಾಂಕಿದೆ. ನಾಳೆ ಸಂಜೆಯೊಳಗೆ ಅಲ್ಲಿ ಸಹಿ ಹಾಕಿದರೆ ನಿನ್ನ ತಮ್ಮ ಆಫೀಸರು. ಹಾಕದಿದ್ದರೆ ನಾಡಿದ್ದು, ಜೂನ್ ಒಂದಕ್ಕೆ, ಕಾಗದದ ಲೆಕ್ಕದಲ್ಲಿ ನನಗೆ ಇಪ್ಪತ್ತಾರು ತುಂಬುತ್ತದೆ. ಆಮೇಲೆ ಈ ಕೆಲಸವೂ ಇಲ್ಲ, ಇಂಥ ಇನ್ನೊಂದಕ್ಕೆ ಅರ್ಜಿ ಹಾಕುವ ದಾರಿಯೂ ಇಲ್ಲ. ನಿಜವಾಗಿ ನನಗಿನ್ನೂ ಇಪ್ಪತ್ತನಾಲ್ಕೇ ಎಂದು ಹೇಳಿದರೆ ಯಾರು ಕೇಳುತ್ತಾರೆ? ಹೇಳಬೇಕಾದವಳು ನೀನು. ನೀನೇ ಇಲ್ಲ.

ಚಿಕ್ಕಜಾಜೂರಿನ ಶಾಲೆಗೆ ನಮ್ಮನ್ನು ಸೇರಿಸಿದ ದಿನ ನೆನಪಿದೆಯಾ? ನನಗೆ ನೆನಪಿಲ್ಲ, ನೀನು ಹೇಳಿ ಹೇಳಿ ಅದು ನನ್ನ ನೆನಪೂ ಆಗಿಬಿಟ್ಟಿದೆ. ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ಸ್ಟೇಷನ್ನಿನಲ್ಲಿ ಡ್ಯೂಟಿಯ ಮೇಲಿದ್ದರು. ನಿನಗೆ ಏಳು, ನನಗೆ ನಾಲ್ಕು. ಒಬ್ಬಳೇ ಹೋಗುವುದಿಲ್ಲ ಎಂದು ನೀನು ಹೊಸಿಲ ಮೇಲೆ ಕೂತುಬಿಟ್ಟೆ. "ಹಂಗಾದ್ರೆ ಅವನ್ನೂ ಕರ್ಕಂಡ್ ಹೋಗು, ನನಗೂ ಒಂದಿಷ್ಟು ಕೆಲ್ಸ ಆಗ್ತೈತೆ" ಅಂದಳು ಅಮ್ಮ. ಹುಟ್ಟಿದ ದಿನ ಬರೆದಿಟ್ಟುಕೊಂಡವರು ಆಗ ಯಾರಿದ್ದರು? ಹೆಡ್‌ಮಾಸ್ತರರ ಎದುರು ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಕಿವಿ ಮುಟ್ಟಬೇಕು, ಮುಟ್ಟಿದರೆ ಆರು ವರ್ಷ ಎಂದು ಲೆಕ್ಕ. ನಿನ್ನ ಕೈ ಸಲೀಸಾಗಿ ಮುಟ್ಟಿತು. ನನ್ನದು ನೆತ್ತಿ ದಾಟಲಿಲ್ಲ. ನೀನು ಹಿಂದೆ ನಿಂತು ನನ್ನ ಮೊಣಕೈ ಎಳೆದು, ಇನ್ನೊಂದು ಕೈಯಿಂದ ತಲೆಯನ್ನು ಬಲಕ್ಕೆ ವಾಲಿಸಿದೆ. "ಮುಟ್ತು ಸಾ. ಯುಗಾದಿ ದಿನ ಹುಟ್ಟಿದ್ದು, ಆರು ತುಂಬೈತೆ." ವರ್ಷದಲ್ಲಿ ನಿನಗೆ ಗೊತ್ತಿದ್ದ ದಿನವೇ ಅದೊಂದು.

ನಾಲ್ಕನೇ ಕ್ಲಾಸಿನವರೆಗೆ ಒಂದೇ ಚಾಪೆಯ ಮೇಲೆ ಕೂತೆವು. ಆಮೇಲೆ ನಿನ್ನನ್ನು ಬಿಡಿಸಿದರು, ನಾನು ಮುಂದಕ್ಕೆ ಹೋದೆ. ಶಾಲೆಗೆ ಸೇರಿದ ಅವತ್ತಿನಿಂದ ಹೆದರಿಕೆಯಾದಾಗಲೆಲ್ಲ ನನ್ನ ತಲೆ ತಾನಾಗಿ ಬಲಕ್ಕೆ ವಾಲುತ್ತದೆ. ಈಗಲೂ ವಾಲಿದೆ. ಹೋಟೆಲಿನವರು ಆಗಿನಿಂದ ನನ್ನನ್ನೇ ನೋಡುತ್ತಿದ್ದಾರೆ.

ಹಿರಿಯೂರಿನ ಆಸ್ಪತ್ರೆಯಲ್ಲಿ ನಿನ್ನನ್ನು ಕೊನೆಯ ಸಲ ನೋಡಿದಾಗ ನಾನು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಕೊಬ್ಬರಿ ಮಂಡಿಯಲ್ಲಿ ದುಡಿಯುತ್ತಿದ್ದೆ. ನಿನ್ನನ್ನು ಆದಿವಾಲದ ಮನೆಯಿಂದ ಭಾವ ಗಾಡಿಯಲ್ಲಿ ಕರೆತಂದಿದ್ದರು. ನಿನ್ನ ಕೂಸು ಗೌರಿಗೆ ಒಂದು ವರ್ಷವೂ ಆಗಿರಲಿಲ್ಲ. ಅಷ್ಟು ಜ್ವರದಲ್ಲೂ ನೀನು ಕೇಳಿದ್ದು ಒಂದೇ. "ಮೈಸೂರಿಂದ ಕಾಗದ ಬಂತೇನ್ಲೇ?" ಬಂದಿದೆ ಅಂದೆ. ಎರಡು ವರ್ಷದ ಓದು, ಕಂಪನಿಗಳನ್ನು ನಡೆಸುವುದು ಹೇಗೆಂದು ಕಲಿಸುತ್ತಾರಂತೆ ಅಂದೆ. "ಹೋಗು ಮತ್ತೆ, ಇಲ್ಲೇನ್ ಮಾಡ್ತಿ. ನಾನು ಎದ್ದಮ್ಯಾಲೆ ನೋಡಾಕೆ ಬತ್ತೀನಿ" ಅಂದೆ ನೀನು. ನೀನು ಎದ್ದಿದ್ದರೆ... ನಿನ್ನ ತಿಥಿ ಕಾರ್ಯ ಮುಗಿಸಿದ ವಾರವೇ ನಾನು ಮೈಸೂರಿಗೆ ಹೊರಟೆ.

ಓದು ಮುಗಿಸಿ ವಾಪಸ್ ಬಂದಾಗ ಮಂಡಿ ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ವ್ಯಾಪಾರ ಕಲಿಸಾಕೂ ಕಾಲೇಜ್ ಐತೇನಪ್ಪ? ನನ್ ಪಕ್ಕ ಕುಂತಿದ್ರೆ ಪುಕ್ಸಟ್ಟೆ ಕಲಿಸ್ತಿದ್ದೆ." ಆಗ ನಾನೂ ನಕ್ಕೆ. ಬೆಂಗಳೂರು, ಬೊಂಬಾಯಿ, ಭದ್ರಾವತಿ, ಎಲ್ಲ ಕಡೆಗೂ ಅರ್ಜಿ ಹಾಕಿದೆ. ಸದ್ಯಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ ಎಂದು ಕೆಲವರು ಬರೆದರು. ಉಳಿದವರು ಅದನ್ನೂ ಬರೆಯಲಿಲ್ಲ. ನನ್ನ ಜೊತೆ ಓದಿದವರಲ್ಲಿ ಒಬ್ಬ ಮಾವನ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದ, ಇನ್ನೊಬ್ಬ ಮೇಷ್ಟ್ರಾದ. ಎರಡು ವರ್ಷ ಹೀಗೇ ಹೋಯಿತು. ಅರ್ಜಿ ತುಂಬುವಾಗ ವಯಸ್ಸು ಎಂಬ ಜಾಗ ಬಂದರೆ ಪೆನ್ನು ಕೆಳಗಿಡುತ್ತಿದ್ದೆ. ಒಂದು ಬೆಳಿಗ್ಗೆ, ವಯಸ್ಸು ಮೀರಿದೆ ಎಂದು ಅರ್ಜಿ ವಾಪಸ್ ಬಂದಾಗ, ಬಾಯಿಗೆ ಬಂದಂತೆ ಅಂದುಬಿಟ್ಟೆ. ಸುಳ್ಳು ಹೇಳಿದವಳು ಹೋಗಿ ಬಚಾವಾದಳು, ಸಾಯುತ್ತಿರುವವನು ನಾನು ಅಂದೆ. ಅಮ್ಮ ಕೇಳಿಸಿಕೊಂಡಳು. ಎರಡು ದಿನ ತಟ್ಟೆ ತಂದಿಟ್ಟು ತಿರುಗಿ ನೋಡದೆ ಒಳಗೆ ಹೋಗುತ್ತಿದ್ದಳು. ತಪ್ಪಾಯಿತು ಅಕ್ಕ. ಇದನ್ನು ಹೇಳದೆ ಮುಂದಿನದನ್ನು ಬರೆಯಲು ನನಗೆ ಮುಖವಿಲ್ಲ.

ಈ ಬ್ಯಾಂಕಿನ ಜಾಹೀರಾತು ನೋಡಿದ್ದು ಯುಗಾದಿಗೆ ಸ್ವಲ್ಪ ಮುಂಚೆ. ಇದ್ದದ್ದು ಒಂದೇ ಜಾಗ. ಸೇರುವ ದಿನಕ್ಕೆ ಇಪ್ಪತ್ತಾರು ತುಂಬಿರಬಾರದು. ಅವರು ಯಾವಾಗ ಕರೆಯುತ್ತಾರೋ, ಯಾವಾಗ ಆರ್ಡರ್ ಕಳಿಸುತ್ತಾರೋ! ಹೆದರಿ ಹೊಳಲ್ಕೆರೆಗೆ ಓಡಿದೆ. ನಮ್ಮ ಹೆಡ್‌ಮಾಸ್ತರರು ರಿಟೈರಾಗಿ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಹುಟ್ಟಿದ ದಿನ ತಪ್ಪಾಗಿದೆ ಎಂದು ಎರಡು ಸಾಲು ಬರೆದುಕೊಡಿ ಸಾರ್ ಎಂದು ಬೇಡಿಕೊಂಡೆ.

"ಎಸ್ಸೆಸ್ಸೆಲ್ಸಿ ಬುಕ್ಕಿಗೆ ಹತ್ತಿದ್ದು ನನ್ನ ಎರಡು ಸಾಲಿಂದ ಅಳಿಸಾಕಿಲ್ಲಪ್ಪ. ಕುಂತ್ಕ. ನಿಮ್ಮಕ್ಕ ಹೆಂಗವ್ಳೆ?"

ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಹೇಳಿದೆ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ನಿನ್ ಕೈ ಅವತ್ತು ಕಿವಿ ಮುಟ್ಲಿಲ್ಲ. ಆಕೆ ಎಳ್ದಿದ್ದು ನಾನು ನೋಡ್ದೆ."

"ಮತ್ಯಾಕೆ ಸೇರಿಸಿಕೊಂಡ್ರಿ ಸಾರ್?"

"ನಿನ್ನ ವಾಪಸ್ ಕಳಿಸಿದ್ರೆ ಆ ಹುಡುಗೀನೂ ನಿನ್ ಹಿಂದೇನೇ ಹೋಗಿರೋಳು. ಮತ್ತೆ ಬರ್ತಿದ್ಳಾ? ಯುಗಾದಿ ಅಂತ ಬರ್ಕಳ್ರಿ ಅಂದ್ಲು. ಇಷ್ಟು ಸಣ್ಣ ಹುಡುಗನ ಮ್ಯಾಲೆ ಅಷ್ಟೊಂದು ವಯಸ್ಸು ಹೇರಾಕೆ ಮನಸ್ಸು ಬರ್ಲಿಲ್ಲ. ಎರಡು ತಿಂಗಳಾದ್ರೂ ಕಮ್ಮಿ ಆಗ್ಲಿ ಅಂತ ಶಾಲೆ ಶುರುವಾಗೋ ದಿನಾನೇ ಹಾಕ್ದೆ, ಜೂನ್ ಒಂದು. ಅದಕ್ಕಿಂತ ಈಚೆಗೆ ಹಾಕಿದ್ರೆ ನಿನ್ನ ಸೇರಿಸ್ಕಳಾಕೇ ಬರ್ತಿರ್ಲಿಲ್ಲ."

ಇದು ನಿನಗೆ ಗೊತ್ತಿರಲಿಲ್ಲ ಅಲ್ಲವಾ? ಮೇಷ್ಟ್ರಿಗೆ ಟೋಪಿ ಹಾಕಿದೆ ಎಂದು ಸಾಯುವವರೆಗೂ ಬೀಗುತ್ತಿದ್ದೆಯಲ್ಲ. ಆದರೆ ಅವತ್ತು ನನಗೆ ನಗು ಬರಲಿಲ್ಲ. ಎರಡು ವರ್ಷ ಹೋಗಿದೆ, ಎರಡು ತಿಂಗಳು ಉಳಿಸಿ ಏನು ಉಪಕಾರ ಮಾಡಿದರು ಎಂದು ಬೈದುಕೊಳ್ಳುತ್ತಾ ಬಸ್ ಹತ್ತಿದೆ.

ದುರ್ಗದ ಐ.ಬಿ. ಬಂಗಲೆಯಲ್ಲಿ ಸಂದರ್ಶನ ನಡೆದಾಗ ಏಪ್ರಿಲ್ ಮುಗಿಯುತ್ತಿತ್ತು. ಎದುರಿಗೆ ಮೂವರು. ತಲೆ ವಾಲಿತ್ತು. "ಕತ್ತು ನೋವೇನ್ರಿ?" ಎಂದು ಕೇಳಿದರು ಹಿರಿಯರು. ಇಲ್ಲ ಸರ್, ಹೆದರಿಕೆ ಅಂದೆ. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. ಅವರು ನಗಲಿಲ್ಲ. ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತುವ ರೈತನಿಗೂ ಹೀಗೇ ಆಗುತ್ತದೆ, ಅಂಥವನು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಮೊದಲು ಕೂರಿಸುತ್ತೇನೆ ಸರ್ ಅಂದೆ. ಮೈಸೂರಿನಲ್ಲಿ ಓದಿದ್ದು ಒಂದೂ ಬಾಯಿಗೆ ಬರಲಿಲ್ಲ.

ಮೇ ತಿಂಗಳು ಹೇಗೆ ಕಳೆಯಿತೆಂದು ಕೇಳಬೇಡ. ರೈಲ್ವೆ ಮುಷ್ಕರ. ಅಪ್ಪ ಇಷ್ಟು ವರ್ಷದಲ್ಲಿ ಮೊದಲ ಸಲ ಡ್ಯೂಟಿಗೆ ಹೋಗದೆ ಮನೆಯಲ್ಲಿ ಕೂತರು. ಕೆಲಸದಿಂದ ತೆಗೆಯುತ್ತಾರೆ, ಕ್ವಾರ್ಟರ್ಸ್ ಬಿಡಿಸುತ್ತಾರೆ ಎಂದು ದಿನಕ್ಕೊಂದು ಸುದ್ದಿ. ರೈಲಿಲ್ಲದೆ ಜಂಕ್ಷನ್ನಿನಲ್ಲಿ ಕಾಗೆ ಕೂಗುವುದು ಮನೆಗೆ ಕೇಳುತ್ತಿತ್ತು. ಟಪಾಲೂ ಇಲ್ಲ. ಆರ್ಡರ್ ಎಲ್ಲೋ ಯಾವುದೋ ಚೀಲದಲ್ಲಿ ಬಿದ್ದಿದ್ದರೆ? ಬಂದೇ ಇಲ್ಲದಿದ್ದರೆ? ಅಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಮುಷ್ಕರ ನಿಂತು, ಅಪ್ಪ ಮತ್ತೆ ಡ್ಯೂಟಿಗೆ ಹೋಗಿ, ನಿನ್ನೆ ಟಪಾಲು ಬಂತು. ಹೊಸದುರ್ಗದ ಶಾಖೆ. ಮೂವತ್ತೊಂದರ ಸಂಜೆಯೊಳಗೆ ಸೇರಬೇಕು, ತಪ್ಪಿದರೆ ಆರ್ಡರ್ ರದ್ದು.

ನಾಳೆ ಬಸ್ ಕೆಟ್ಟರೆ ಎಂಬ ಭಯಕ್ಕೆ ಇವತ್ತೇ ಬಂದುಬಿಟ್ಟೆ. ಇಲ್ಲಿ ನೋಡಿದರೆ ಮುದುಕ ಅಟೆಂಡರ್ ಒಬ್ಬರೇ ಬಾಗಿಲಲ್ಲಿದ್ದರು. "ಮ್ಯಾನೇಜರು ದುರ್ಗಕ್ಕೆ ಹೋಗವ್ರೆ. ನಾಳೆ ಬರ್ರಿ" ಅಂದರು. ನಾಳೆ ಖಂಡಿತ ಬರುತ್ತಾರಾ ಎಂದು ಕೇಳಿದೆ. "ಬರಬೌದು" ಅಂದರು. ಬರಬಹುದು ಅಂದರೆ ಏನಕ್ಕ? ಇನ್ನು ಬರೆಯಲಾರೆ.

ಮೇ ಮೂವತ್ತೊಂದು, ಸಂಜೆ

ಹತ್ತು ಗಂಟೆಗೆ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತೆ. ಹನ್ನೊಂದಾಯಿತು, ಒಂದಾಯಿತು. ದುರ್ಗದ ಬಸ್ಸುಗಳು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಅಟೆಂಡರ್ ನೀರು ತಂದುಕೊಟ್ಟು, "ಕುಂತ್ಕಳ್ರಿ, ನಿಂತ್ರೆ ಬಸ್ ಬ್ಯಾಗ ಬರಾಕಿಲ್ಲ" ಅಂದರು. ಮೂರೂವರೆಗೆ ಮ್ಯಾನೇಜರು ಇಳಿದರು. ನನ್ನ ಎಸ್ಸೆಸ್ಸೆಲ್ಸಿ ಬುಕ್ಕಿನ ಮೇಲೆ ಅವರ ಬೆರಳು ಹುಟ್ಟಿದ ದಿನದ ಸಾಲಿಗೆ ಬಂದು ನಿಂತಿತು. "ನಾಳೆ ಬಂದಿದ್ರೆ ನಾನೇನೂ ಮಾಡಾಕೆ ಆಗ್ತಿರ್ಲಿಲ್ಲ ಕಣ್ರಿ" ಅಂದರು. ಸಹಿ ಹಾಕಿದೆ, ಅಕ್ಕ.

ನೀನು ಹೇಳಿದ ಯುಗಾದಿಯೇ ಆ ಬುಕ್ಕಿನಲ್ಲಿದ್ದರೆ ಈ ಕೆಲಸ ಎರಡು ತಿಂಗಳ ಹಿಂದೆಯೇ ಕೈತಪ್ಪಿರುತ್ತಿತ್ತು. ನೀನು ಕೈ ಎಳೆಯದಿದ್ದರೆ ನಿನ್ನ ಜೊತೆ ಒಂದೇ ಚಾಪೆಯ ಮೇಲೆ ಕೂತ ಆ ನಾಲ್ಕು ವರ್ಷ ಇರುತ್ತಿರಲಿಲ್ಲ. ಯಾವುದು ಬೇಡವಾಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ?

ನಿನ್ನ ಗೌರಿಯ ವಿಷಯ ಹೇಳಿ ಮುಗಿಸುತ್ತೇನೆ. ಭಾವ ಇನ್ನೊಂದು ಮದುವೆಯಾದ ಮೇಲೆ ಅವಳು ನಮ್ಮಲ್ಲೇ ಇದ್ದಾಳೆ. ಈಗ ನಾಲ್ಕೂವರೆ. ಶಾಲೆಗೆ ಸೇರಿಸು ಎಂದು ಒಂದೇ ಹಠ. ವಯಸ್ಸು ತುಂಬಿದ ಮೇಲೇ ಸೇರಿಸುತ್ತೇನೆ, ಒಂದು ದಿನವೂ ಮುಂಚೆ ಅಲ್ಲ. ಅವಳು ಹುಟ್ಟಿದಾಗ ನೀನು ಬರೆದ ಕಾರ್ಡು ನನ್ನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ತಾರೀಕನ್ನು ಎರಡು ಸಲ ಬರೆದು ಕೆಳಗೆ ಗೆರೆ ಎಳೆದಿದ್ದೀಯ. ಆಗ ಯಾಕೆಂದು ತಿಳಿದಿರಲಿಲ್ಲ. ಆ ಕಾರ್ಡನ್ನೇ ಮೇಷ್ಟ್ರ ಮೇಜಿನ ಮೇಲೆ ಇಡುತ್ತೇನೆ.

ಆದರೆ ನಿನ್ನೆ ನಾನು ಹೊರಡುವಾಗ ಅವಳು ಹೊಸಿಲ ಮೇಲೆ ನಿಂತು ಕೈಯನ್ನು ನೆತ್ತಿಯ ಮೇಲಿಂದ ಚಾಚುತ್ತಿದ್ದಳು. ಮುಟ್ಟಲಿಲ್ಲ. ಯಾರಾದರೂ ನೋಡುತ್ತಿದ್ದಾರಾ ಎಂದು ಒಮ್ಮೆ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ತಲೆಯನ್ನು ಬಲಕ್ಕೆ ವಾಲಿಸಿದಳು. "ಮುಟ್ತು ಮಾವ" ಅಂದಳು. ನಾನು ಹೇಳಿಕೊಟ್ಟಿಲ್ಲ, ಅಕ್ಕ.

ನಿನ್ನ ತಮ್ಮ,
ರಾಜ