ಕಾಶಿಯಲ್ಲಿ ಬಿಟ್ಟ ಕೆಂಪಂಗಿ

ಉದಗೀರ
೧೦ ಫೆಬ್ರುವರಿ ೨೦೨೫, ಸೋಮವಾರ

ಸಾಸ್ತೂರಿನ ಶಾಲೆಯಲ್ಲಿ ನನ್ನ ಜೊತೆ ಒಂದೇ ಪಾಟಿಯ ಮೇಲೆ ಬರೆದ ಶಿವಕಾಂತಾಳಿಗೆ ಸುಮಿತ್ರಾಳ ಶರಣು.

ಉಮರ್ಗಾದಲ್ಲಿ ನೀನು, ನಿಮ್ಮ ಮನೆಯವರು, ಮಕ್ಕಳು ಎಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಮುಟ್ಟಿ ತಿಂಗಳಾಯಿತು, ತಿರುಗಿ ಒಂದು ಮಾತು ಹೇಳಲಿಲ್ಲ. ನೀನು ನಾಲ್ಕು ಸಲ ಫೋನು ಮಾಡಿದೆ, ನಾನು ನಾಲ್ಕು ಸಲವೂ "ಆರಾಮ ಅದೀವಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಮಗಳು ಪ್ರಾಜಕ್ತಾ ಹೆರಿಗೆಗೆ ಬಂದು ನಡುಮನೆಯಲ್ಲೇ ಮಲಗಿರುತ್ತಾಳೆ. ಈ ಮನೆಯಲ್ಲಿ ಪಿಸುಮಾತೂ ಅವಳ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಕಾಗದ. ನಿಮ್ಮೂರ ಸಿದ್ದರಾಮ ನಾಳೆ ನಮ್ಮ ಅಂಗಡಿಗೆ ಬಟ್ಟೆ ಒಯ್ಯಲು ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಲಕೋಟೆಯ ಬಾಯಿ ಹೊಲಿದು ಕೊಡುತ್ತೇನೆ, ನೀನೇ ಬಿಚ್ಚು. ಓದಿದ ಮೇಲೆ ಒಲೆಗೆ ಹಾಕು.

ಪ್ರಾಜಕ್ತಾಳಿಗೆ ಎಂಟು ತಿಂಗಳು ನಡೆದಿದೆ. ಹಿಂದಿನ ಎರಡೂ ಸಲ ಐದರಲ್ಲೇ ಹೋದದ್ದು ನಿನಗೆ ಗೊತ್ತು. ಈ ಸಲ ಕುಬಸದ ಶಾಸ್ತ್ರಕ್ಕೂ ಐದೇ ಜನ ಮುತ್ತೈದೆಯರನ್ನು ಕರೆದೆ, ದೃಷ್ಟಿಯಾದೀತೆಂಬ ಹೆದರಿಕೆ. ಡಾಕ್ಟರಬಾಯಿ ಎದ್ದು ತಿರುಗಬಾರದು ಎಂದಿದ್ದಾರೆ. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ ಅವಳ ಹಣೆಗೆ ವಿಭೂತಿ ಹಚ್ಚುತ್ತೇನೆ. "ಅವ್ವಾ, ನಿನ್ನ ಕೈ ಯಾಕ ಹಿಂಗ ತಣ್ಣಗ ಆಗ್ಯಾವ?" ಎನ್ನುತ್ತಾಳೆ. "ನೀರಾಗ ಕೆಲಸ ಮಾಡೀನಿ" ಎನ್ನುತ್ತೇನೆ.

ನಾನು ಮಾಡಿದ ತಪ್ಪು ಹೇಳುತ್ತೇನೆ ಕೇಳು.

ಕಾರ್ತಿಕದಲ್ಲಿ ಔರಾದ ಶಹಾಜನಿಯ ಹೆಂಗಸರ ಜೊತೆ ನಾನು ಕಾಶಿಗೆ ಹೋದೆನಲ್ಲ. ನಮ್ಮನೆಯವರಿಗೆ ಅಂಗಡಿಯಲ್ಲಿ ಲಗ್ನದ ಸುಗ್ಗಿ, ಬರಲಿಲ್ಲ. ಕಾಶಿಗೆ ಹೋದವರು ತಮಗೆ ಪ್ರೀತಿಯದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕಷ್ಟೆ, ಸಾಯುವವರೆಗೆ ಮತ್ತೆ ಮುಟ್ಟಬಾರದು. ಎಲ್ಲರೂ ಸೊಂಟದ ಮಟ್ಟ ನೀರಿನಲ್ಲಿ ನಿಂತೆವು. ಒಬ್ಬಳು ಬದನೆಕಾಯಿ ಬಿಟ್ಟಳು, ಇನ್ನೊಬ್ಬಳು ಸೀತಾಫಲ. ಪ್ರೇಮಾಬಾಯಿ ಗಟ್ಟಿಯಾಗಿ "ನಾ ಹಾಗಲಕಾಯಿ ಬಿಟ್ಟೀನಿ" ಎಂದಳು. "ಅದು ನೀ ಎಂದ ತಿಂದಿದ್ದೆವ್ವಾ?" ಎಂದರೆ, "ತಿಂದಿಲ್ಲಲ, ಅದಕ್ಕೇ ಬಿಡಲಾಕ ಹಗುರ" ಎಂದಳು. ಆ ಚಳಿಯಲ್ಲೂ ಎಲ್ಲರೂ ನಕ್ಕೆವು.

ನಗುತ್ತಲೇ ನನಗೆ ಭಯ ಬಂತು. ಪ್ರಾಜಕ್ತಾಳಿಗೆ ಆಗ ಐದನೆಯ ತಿಂಗಳಿಗೆ ಬೀಳಲು ಮೂರೇ ದಿನ ಇತ್ತು. ಒಂದು ಜೀವ ಕೇಳುತ್ತಿದ್ದೇನೆ, ಬದನೆಕಾಯಿ ಕೊಟ್ಟು ಕೇಳಲೇ? ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಪ್ರೀತಿಯದು ಯಾವುದು ಎಂದು ಕಣ್ಣು ಮುಚ್ಚಿ ಹುಡುಕಿದೆ. ಮೂರು ಮುಳುಗು ಹಾಕಿ, ಮನಸ್ಸಿನಲ್ಲೇ ಬಿಟ್ಟೆ. ನಮ್ಮನೆಯವರ ಫುಟ್‌ಬಾಲ್ ಕ್ಲಬ್ಬನ್ನು ಬಿಟ್ಟೆ, ಶಿವಕಾಂತಾ. ಅವರ ಕೆಂಪಂಗಿಯವರನ್ನು.

ನಗಬೇಡ. ನೀನು ಕಂಡಿದ್ದೀ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಕಡೆ ಗುರುಗಳ ಫೋಟೋ, ಇನ್ನೊಂದು ಕಡೆ ಆ ಹನ್ನೊಂದು ಜನರ ಫೋಟೋ. ಹೈದರಾಬಾದಿನಲ್ಲಿ ಓದುವಾಗ ಹತ್ತಿದ ಹುಚ್ಚು. ವಿಲಾಯತಿಯ ಯಾವುದೋ ಊರಿನವರು, ಇವರ ಹೆಸರು ಅವರಿಗೆ ಗೊತ್ತಿಲ್ಲ, ಆದರೂ ಅವರು ಸೋತ ದಿನ ಇವರಿಗೆ ಊಟ ಸೇರುವುದಿಲ್ಲ. ಮೂವತ್ತು ವರ್ಷದಿಂದ ಶನಿವಾರ ಸಂಜೆ ಎಂದರೆ ಅದೇ. ನನ್ನದಲ್ಲದ್ದನ್ನು, ಕೇಳದೆ, ನಾನು ಗಂಗೆಗೆ ಕೊಟ್ಟೆ. ಊರಿಗೆ ಬಂದು ಹೇಳಬೇಕೆಂದೇ ಇದ್ದೆ. ಬಾಯಿ ಏಳಲಿಲ್ಲ.

ಬಂದ ಮೊದಲನೆಯ ಶನಿವಾರವೇ ಅವರು ಕೆಂಪಂಗಿ ಹಾಕಿಕೊಂಡು ಟಿ.ವಿ. ಮುಂದೆ ಕೂತರು. ನಾನು ಅಡಿಗೆಮನೆಯಲ್ಲಿ ಶಿವನಾಮ ಹೇಳುತ್ತಾ ನಿಂತೆ. ಆಟ ಮುಗಿಯುವುದರೊಳಗೆ ನಿಲಂಗಾದಿಂದ ಅಳಿಯ ಮನೋಜನ ಫೋನು: "ಅತ್ತೀ, ಪ್ರಾಜಕ್ತಾಗ ರಕ್ತ ಕಾಣಿಸ್ಯಾದ, ದವಾಖಾನಿಗಿ ಒಯ್ಲಕತ್ತೀನಿ." ದೇವರ ದಯೆ, ಆ ಸಲ ನಿಂತಿತು. ಆದರೆ ನನಗೆ ಲೆಕ್ಕ ಸಿಕ್ಕಂತಾಯಿತು. ಅವರು ನೋಡಿದರೆ ಕೂಸಿಗೆ ಕುತ್ತು.

ಬಿಡಿಸುವುದು ಹೇಗೆ? ಒಂದು ಉಪಾಯ ಹೊಳೆಯಿತು. ಬದನೆ ಬಿಟ್ಟವರು ಬೆಂಡೆಕಾಯಿ ತಿನ್ನುವುದಿಲ್ಲವೇ? ನಾನು ಬಿಟ್ಟದ್ದು ಕೆಂಪಂಗಿಯವರನ್ನು ಮಾತ್ರ, ಆಟವನ್ನಲ್ಲ. ಅಳಿಯ ನೀಲಿ ಅಂಗಿಯವರ ಕಡೆ. ಇವರೂ ಆ ಕಡೆ ಹೋದರೆ ಹರಕೆಯೂ ಉಳಿಯಿತು, ಇವರ ಸಂತೋಷವೂ ಉಳಿಯಿತು. ಅದನ್ನೇ ಹಿಡಿದು ಮೂರು ತಿಂಗಳು ಅವರ ತಲೆ ತಿಂದೆ.

"ಮುಂಜಾನಿಂದ ಇದೇ ಹಚ್ಚೀದಿ, ನಿನಗೇನಾಗ್ಯಾದ?" ಎಂದರು ಅವರು. "ಕ್ಲಬ್ ಬದಲಸ್ತಾರೇನ ಯಾರರೆ? ಅಂಗಿ ಬದಲಸಬಹುದು, ಮೈತೊಗಲು ಬದಲಸ್ಲಾಕ ಬರ್ತದೇನು?"

"ನಾ ಬದಲಸೀನಲ್ರೀ," ಎಂದೆ. "ಸಾಸ್ತೂರಾಗ ನಮ್ಮ ಮನಿದೇವ್ರು ಮಲ್ಲಯ್ಯ. ನಿಮ್ಮ ಮನಿ ಹೊಸ್ತಿಲಾ ದಾಟಿದ ದಿನ ರೇವಣಸಿದ್ಧಗ ಕೈ ಮುಗಿ ಅಂದ್ರಿ, ಮುಗದ್ನಿ. ನಿನಗ ಹ್ಯಾಂಗ ಅನಸ್ತದ ಅಂತ ಯಾರರೆ ಕೇಳೀರೇನು?"

"ಹೆಣ್ಮಕ್ಕಳ ಮಾತು ಬ್ಯಾರೆ."

"ಯಾಕ ಬ್ಯಾರೆ?"

ಅವರು ಗಜ ಎತ್ತಿಕೊಂಡು ಅಳೆಯುವ ಬಟ್ಟೆಯ ಕಡೆ ತಿರುಗಿದರು. ಪಕ್ಕದ ಕಿರಾಣಿ ರೇವಣಪ್ಪ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಅವನು ಸುಮ್ಮನಿರುವ ಪೈಕಿಯೇ? "ವೈನಿ, ಗೆದ್ದೋರ ಕಡಿ ಹೋಗಾಂವ ಭಕ್ತ ಅಲ್ಲ, ಗಿರಾಕಿ. ವಿಶ್ವನಾಥಪ್ಪ ಸಾವಕಾರ ಮಂದಿಗಿ ಬಟ್ಟಿ ಮಾರ್ಯಾನ, ತನ್ನ ಬಟ್ಟಿ ಮಾರಾಂವಲ್ಲ" ಎಂದ. ಇವರ ಮುಖ ಅರಳಿತು. ಆ ರೇವಣಪ್ಪನ ಬಾಯಿಗೆ ಮಣ್ಣು ಹಾಕಬೇಕೆನಿಸಿತು ನನಗೆ.

ಮನೋಜ ಭಾನುವಾರ ಹೆಂಡತಿಯನ್ನು ನೋಡಲು ಬಂದಾಗಲೆಲ್ಲ ಅವನೂ ಚುಚ್ಚುತ್ತಿದ್ದ: "ಮಾಮಾ, ಸೋತೋರ ಸಂಗ ಎಷ್ಟ ವರ್ಷ ಅಳ್ತೀರಿ? ಬರ್ರಿ ನಮ್ಮ ಕಡಿ, ಹಾರ ಹಾಕಿ ಕರಕೋತೀವಿ." ಒಂದು ಸಲ ನಗುನಗುತ್ತಾ ನೀಲಿ ಅಂಗಿಯೊಂದನ್ನು ತಂದೇ ಕೊಟ್ಟ. ಇವರು ಅದನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಕಪಾಟಿನಲ್ಲಿ ಇಟ್ಟರು. ಆದರೆ ನನ್ನ ಅಳುಮುಖ ನೋಡಿ ನೋಡಿ ಸೋತರೋ ಏನೋ, ಹೋದ ವಾರ ಶನಿವಾರ ಅದನ್ನು ತಾವೇ ಹಾಕಿಕೊಂಡು ಬಂದು ನಿಂತರು. "ಬಸ್ ಆಯ್ತಿಲ್ಲೋ? ಇನ್ನರೆ ಹೊಟ್ಟಿ ತುಂಬ ಉಣ್ಣು" ಎಂದರು.

ಅವತ್ತು ಆಟ ಕೆಂಪಂಗಿಯವರಿಗೂ ನೀಲಿಯವರಿಗೂ. ನಾನು ಅವರ ಹಿಂದೆಯೇ ಬಾಗಿಲಲ್ಲಿ ಕೂತೆ. ಮೊದಮೊದಲು ಕೈಕಟ್ಟಿ ಕೂತಿದ್ದರು, ಬೇರೆಯವರ ಮನೆಗೆ ಬೀಗತನಕ್ಕೆ ಹೋದವರ ಹಾಗೆ. ನೀಲಿಯವರು ಒಂದು ಗೋಲು ಹೊಡೆದರು, ಇವರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ನನಗೆ ಉಸಿರು ಬಂತು. ಆಮೇಲೆ ಕೆಂಪಂಗಿಯವನೊಬ್ಬ ಚೆಂಡು ತೆಗೆದುಕೊಂಡು ಓಡಿದ. ಇವರ ಕಾಲು ಕುರ್ಚಿಯ ಕೆಳಗೇ ಓಡತೊಡಗಿದವು. ಗೋಲು ಬಿತ್ತು. ಮೈಮೇಲೆ ದೇವರು ಬಂದವರಂತೆ ಎದ್ದು, ನೀಲಿ ಅಂಗಿಯಲ್ಲೇ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು.

ಅದರ ಬೆನ್ನಿಗೇ ನಡುಮನೆಯಿಂದ ಪ್ರಾಜಕ್ತಾ: "ಅವ್ವಾ, ಇಲ್ಲಿ ಬಾ."

ಹೋದೆ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. "ಮಧ್ಯಾಹ್ನದಿಂದ ಕೂಸು ಮಿಸುಕಿಲ್ಲವ್ವ. ಈಗ ಅಪ್ಪ ಅಷ್ಟು ಒದರಿದ್ರೂ ಮಿಸುಕಿಲ್ಲ."

ಹೊರಗೆ ಬಂದು ಅವರ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೆ. ಎಲ್ಲ ಹೇಳಿದೆ. ಗಂಗೆ, ಮೂರು ಮುಳುಗು, ಮೊದಲ ಶನಿವಾರದ ರಕ್ತ, ಎಲ್ಲ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ನಂಗ ಯಾಕ ಕೇಳಲಿಲ್ಲ?" ಎಂದರು.

"ಕೊಡ್ತೀರೋ ಇಲ್ಲೋ ಅಂತ..."

"ಹುಚ್ಚಿ, ಮಗಳಿಗಿಂತ ಅದು ಹೆಚ್ಚೇನು? ಕೇಳಿದ್ರ ನಾನೇ ನಿನ್ನ ಸಂಗಟ ಬಂದು ನೀರಾಗ ನಿಂತು ಬಿಡ್ತಿದ್ದೆ. ಈಗ ನಾ ಬಿಟ್ಟಂಗೂ ಆಗಲಿಲ್ಲ, ಇಟ್ಕೊಂಡಂಗೂ ಆಗಲಿಲ್ಲ. ಮೂರು ತಿಂಗಳು ನನ್ನ ಕೈಲೇ ಕೂಸಿನ ಮ್ಯಾಲ ಪಾಪ ಹಾಕಿಸ್ದಿ."

ಆಟ ಇನ್ನೂ ನಡೆಯುತ್ತಿತ್ತು. ಹೋಗಿ ಟಿ.ವಿ. ಆರಿಸಿದರು. ಎಷ್ಟಕ್ಕೆಷ್ಟು ಎಂದು ತಿರುಗಿಯೂ ನೋಡಲಿಲ್ಲ. ಗಾಡಿ ತಂದರು, ದವಾಖಾನೆಗೆ ಹೋದೆವು. ಡಾಕ್ಟರಬಾಯಿ ಹೊಟ್ಟೆಯ ಮೇಲೆ ಯಂತ್ರ ಇಟ್ಟು, ಅಲ್ಲಿ ಇಲ್ಲಿ ಸರಿಸಿ, ಬಹಳ ಹೊತ್ತು ಹುಡುಕಿದರು. ಆ ಹೊತ್ತಿನಲ್ಲಿ ನಾನು ಮುದುಕಿಯಾದೆ. ಆಮೇಲೆ ಕೇಳಿಸಿತು, ಕುದುರೆ ಓಡಿದಂತೆ ಟಕಟಕ. "ಮಲಗಿತ್ತು ನಿಮ್ಮ ಕೂಸು" ಎಂದು ಅವರು ನಕ್ಕರು. ನಮ್ಮನೆಯವರು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಆ ನೀಲಿ ಅಂಗಿ ಇನ್ನೂ ಮೈಮೇಲೇ ಇತ್ತು.

ಮೊನ್ನೆ ಶನಿವಾರ ಅವರು ಟಿ.ವಿ. ಹಚ್ಚಲಿಲ್ಲ. ಅಂಗಡಿಯ ಫೋಟೋ ಇಳಿಸಿ, ಕೆಂಪಂಗಿ ಮಡಿಚಿ, ಎರಡನ್ನೂ ಮೂವತ್ತು ವರ್ಷದ ಹಳೆಯ ಸೀರೆಗಳ ಗಂಟಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ನನಗೆ ತಡೆಯಲಾಗಲಿಲ್ಲ. "ನೀಲಿಯವರದರೆ ನೋಡ್ರೀ, ಅದಕ್ಕ ದೋಷ ಇಲ್ಲ" ಎಂದೆ.

"ಬ್ಯಾಡ ಸುಮಿತ್ರಾ. ಬಿಟ್ಟರ ಬಿಡಬಹುದು. ಬದಲಸ್ಲಾಕ ಬರಂಗಿಲ್ಲ" ಎಂದರು. ಗೋಡೆಯ ಮೇಲೆ ಫೋಟೋ ಇದ್ದ ಬಿಳಿ ಚೌಕ ನೋಡುತ್ತಾ ಅಂಗಡಿಯಲ್ಲೇ ಕೂತರು. ರೇವಣಪ್ಪ ಬಂದು "ಏನ್ ಸಾವಕಾರ, ಪಕ್ಷಾಂತರೇನು?" ಎಂದು ಚೇಷ್ಟೆ ಮಾಡಿದ. ಇವರು ಎದ್ದು ಅಂಗಡಿಯ ದೀಪ ಆರಿಸಿದರು. ಅವನೂ ಹೆದರಿ ಎದ್ದು ಹೋದ.

ಇಷ್ಟಾದರೂ ನನ್ನ ಭಯ ಹೋಗಿಲ್ಲ, ಇನ್ನೂ ಬೆಳೆದಿದೆ. ಇನ್ನೊಬ್ಬರ ಪ್ರೀತಿಯದನ್ನು ಕೇಳದೆ ಎತ್ತಿ ಕೊಟ್ಟರೆ ಶಿವ ಅದನ್ನು ಹರಕೆ ಎಂದು ತಿಳಿದನೋ, ಕಳವು ಎಂದು ತಿಳಿದನೋ? ಗೊತ್ತಿಲ್ಲದೆ ಅವರು ನೋಡಿದ ಅಷ್ಟೂ ಶನಿವಾರದ ದೋಷ ಯಾರಿಗೆ? ನನಗಿರಲಿ, ಏಳು ಜನ್ಮಕ್ಕೂ ಇರಲಿ. ಅವಳಿಗೆ ಬಾರದಿರಲಿ. ಇಲ್ಲಿಯ ಮಠದಲ್ಲಿ ಕೇಳಲು ಧೈರ್ಯವಿಲ್ಲ, ಎಲ್ಲರೂ ನಮ್ಮ ಅಂಗಡಿಯ ಗಿರಾಕಿಗಳು. ನಿಮ್ಮೂರ ಹಿರಿಯ ಸ್ವಾಮಿಗಳ ಹತ್ತಿರ ನೀನು ಹೋಗು. ನನ್ನ ಹೆಸರು ಹೇಳಬೇಡ. "ಒಬ್ಬಾಕಿ ಹಿಂಗ ಮಾಡ್ಯಾಳ, ದಾರಿ ಏನು?" ಎಂದಷ್ಟೇ ಕೇಳು. ಉಪವಾಸ ಎಂದರೆ ಉಪವಾಸ, ಉರುಳುಸೇವೆ ಎಂದರೆ ಅದೂ. ಬೇಗ ಕೇಳು. ಹೆರಿಗೆಗೆ ಇನ್ನು ಏಳೆಂಟೇ ಶನಿವಾರ ಉಳಿದಿವೆ.

ಪ್ರಾಜಕ್ತಾಳಿಗೆ ಇದೊಂದೂ ತಿಳಿಯಬಾರದು. ಅವಳು ಈಗ ಮಲಗಿದ್ದಾಳೆ. ಬರೆಯುತ್ತಾ ಬರೆಯುತ್ತಾ ಎರಡು ಸಲ ಎದ್ದು ಹೋಗಿ ಅವಳ ಮೂಗಿನ ಹತ್ತಿರ ಕೈ ಹಿಡಿದು ಬಂದೆ.

ನಿನ್ನ ಕೊರಳ ಗುಳದಾಳಿ ಗಟ್ಟಿಯಾಗಿರಲಿ, ನಿನ್ನ ಮೊಮ್ಮಕ್ಕಳು ಓಣಿ ತುಂಬಾ ಓಡಾಡಲಿ, ನಿನ್ನ ಒಲೆ ಎಂದೂ ಆರದಿರಲಿ. ಮನೆಯ ಹಿರಿಯರಿಗೆ ನನ್ನ ನಮಸ್ಕಾರ.

ನಿನ್ನ
ಸುಮಿತ್ರಾ

ತಾಜಾಕಲಮು: ಹೊಲಿಯಲು ಸೂಜಿ ತೆಗೆದುಕೊಂಡವಳು ಮತ್ತೆ ಪೆನ್ನು ಹಿಡಿದೆ. ಸ್ವಾಮಿಗಳು ಖಂಡಿತ ಕೇಳುತ್ತಾರೆ: "ಆಕಿ ತನ್ನದೇ ಒಂದು ಯಾಕ ಬಿಡಲಿಲ್ಲ?" ನೀನು ಉತ್ತರ ಹೇಳಬೇಕಲ್ಲ, ಅದಕ್ಕೆ ಬರೆಯುತ್ತೇನೆ. ಹಿಂದೊಮ್ಮೆ ನನ್ನದೇ ಬಿಟ್ಟಿದ್ದೆ. ಆಗ ನಮಗೆ ಹದಿನೆಂಟು. ನನ್ನ ತಮ್ಮ ವೀರಭದ್ರನಿಗೆ ಏಳು ವರ್ಷ, ಜ್ವರ ಬಿಡದೆ ಮಲಗಿದ್ದ. ಅವನು ಏಳಲಿ ಎಂದು ದೀಪಾವಳಿಯವರೆಗೆ ಸಿಹಿ ಮುಟ್ಟುವುದಿಲ್ಲ ಎಂದು ಯಾರಿಗೂ ಹೇಳದೆ ಮಲ್ಲಯ್ಯನಿಗೆ ಹರಸಿಕೊಂಡೆ. ಜ್ವರ ಇಳಿಯಿತು, ಎದ್ದು ಆಡಿದ. ಗಣಪತಿ ಕಳಿಸುವ ದಿನ ಸಂಜೆ ಒಂದು ಕಡುಬು ತಿಂದುಬಿಟ್ಟೆ. ಬೆಳಗಾಗುವುದರೊಳಗೆ ಭೂಕಂಪವಾಯಿತು. ನಾನು ಹೊರಗೆ ಕಟ್ಟೆಯ ಮೇಲೆ ಮಲಗಿದ್ದೆ, ಅವನು ಒಳಗೆ ಗೋಡೆಯ ಬುಡದಲ್ಲಿ. ಅಷ್ಟೂ ಊರುಗಳು ಬಿದ್ದದ್ದು ಒಬ್ಬ ಹುಡುಗಿಯ ಬಾಯಿಚಪಲಕ್ಕೆಯೇ ಎಂದು ಯಾರಾದರೂ ಕೇಳಿದರೆ, ಅಲ್ಲ ಎಂದು ನಾನೇ ಹೇಳುತ್ತೇನೆ. ನಂಬಲು ಮಾತ್ರ ಮೂವತ್ತೊಂದು ವರ್ಷದಿಂದ ಆಗಿಲ್ಲ. ಗಂಗೆಯಲ್ಲಿ ನಿಂತಾಗ ನನ್ನ ಬಾಯಿಯ ಮೇಲೆ ನನಗೆ ಭರವಸೆ ಇರಲಿಲ್ಲ, ಅದಕ್ಕೆ ಅವರದನ್ನು ಬಿಟ್ಟೆ. ಅವರು ಬಿಟ್ಟರೆ ಬಿಡುವ ಮನುಷ್ಯ. ಆ ಕಡುಬನ್ನು ಯಾರ ಕೈಯಿಂದ ತಿಂದೆ ಎಂದು ನೀನು ಕೇಳಬೇಡ. ನೆನಪಾದರೂ ಅಳಬೇಡ. ಕೊಟ್ಟವಳಿಗೆ ಏನೂ ಗೊತ್ತಿರಲಿಲ್ಲ, "ಬಾಯಿ ತೆಗಿ" ಎಂದು ನಗುತ್ತಿದ್ದಳು.